ನಮ್ಮ ಮನೆಯ ಕಾಫಿ ಫಿಲ್ಟರು

ಮನೆಯ ಪಾತ್ರೆ ಪದಾರ್ಥಗಳನ್ನು ಕುರಿತು ಲೇಖನ ಬರೆಯುವುದು ಅಲ್ಪವಿಷಯದಲ್ಲಿ ಕಾಲಹರಣ ಮಾಡಿದಂತೆಂದು ಕೆಲವರಿಗೆ ತೋರಬಹುದು. ಆದರೆ ಈ ಸಂಚಿಕೆಯನ್ನು ಓದತಕ್ಕ ಸೋದರಿಯರಲ್ಲಿ ಬಹುಮಂದಿ ಗೃಹಕೃತ್ಯದ ಭಾರವನ್ನು ಹೊತ್ತವರು. ಒಲೆಯ ಬಳಿಯ ಒಂದು ಸಣ್ಣ ಸಾಮಾನು ಕೆಟ್ಟರೆ ಇಡೀ ಮನೆಯ ದಿನಚರಿ ಹೇಗೆ ತಪ್ಪುವುದೆಂಬುದನ್ನು ಅನುಭವದಿಂದ ಬಲ್ಲವರು. ಅಲ್ಲದೆ, ಅಡಿಗೆಮನೆಯ ಅಸಮಾಧಾನವು ಯಾವಾಗಲೂ ಅಲ್ಪವಾದದ್ದೆಂದು ಹೇಳುವಂತಿಲ್ಲ. ಜರ್ಮನಿ ದೇಶದ ಡ್ರೆಸ್ಡನ್ ನಗರದಲ್ಲಿ ಮೆಲಿಟ್ಟಾ ಬೆಂಟ್ಸ್ ಎಂಬ ಗೃಹಿಣಿಯು ತನ್ನ ಮನೆಯ ಕಾಫಿಯಲ್ಲಿ ಚರಟ ಉಳಿದು ಕಹಿಯಾಗುತ್ತಿದ್ದುದಕ್ಕೆ ಬೇಸತ್ತು, ಒಂದು ಪಾತ್ರೆಯ ತಳಕ್ಕೆ ಮೊಳೆಯಿಂದ ರಂಧ್ರಗಳನ್ನು ಮಾಡಿ, ಮಗನ ಶಾಲಾಪುಸ್ತಕದಿಂದ ಮಸಿ ಹೀರುವ ಕಾಗದವನ್ನು ತೆಗೆದು ಅದರಲ್ಲಿ ಹಾಸಿ, ಕಾಫಿಯನ್ನು ಸೋಸಿ ನೋಡಿದಳು. ೧೯೦೮ರಲ್ಲಿ ಆ ಉಪಾಯಕ್ಕೆ ಹಕ್ಕುಪತ್ರವನ್ನೂ ಪಡೆದಳು. ಕಾಗದದಿಂದ ಕಾಫಿ ಸೋಸುವ ಪದ್ಧತಿಯು ಲೋಕದಲ್ಲೆಲ್ಲ ಹರಡಿದುದು ಒಬ್ಬ ಗೃಹಿಣಿಯ ಬೇಸರದಿಂದಲೇ. ಆಕೆಯ ಈ ಕಾಗದವು ನೂರು ವರ್ಷಗಳು ಕಳೆದಮೇಲೆ ನಮ್ಮ ಮನೆಯೊಳಕ್ಕೂ ಬಂದ ಬಗೆಯನ್ನು ಮುಂದೆ ಹೇಳುವೆನು.

ನಮ್ಮ ಸೀಮೆಗೂ ಕಾಫಿಗೂ ಇರುವ ಸಂಬಂಧವು ಹಳೆಯದು. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಾಧುಗಳು ಯೆಮೆನ್ ದೇಶದ ಮೋಕಾ ರೇವಿನಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯ ಮೇಲೆ ನೆಟ್ಟರೆಂಬ ಐತಿಹ್ಯವನ್ನು ನಾವೆಲ್ಲರೂ ಬಾಲ್ಯದಲ್ಲಿಯೇ ಕೇಳಿರುವೆವು. ಬೀಜವು ನಮ್ಮ ಬೆಟ್ಟಗಳಲ್ಲಿ ಬೆಳೆದರೂ, ಅದನ್ನು ಕುಡಿಯುವ ಕ್ರಮವನ್ನು ನಮ್ಮ ಮನೆಗಳು ತಮ್ಮದೇ ರೀತಿಯಲ್ಲಿ ರೂಪಿಸಿಕೊಂಡವು. ಆ ಕ್ರಮಕ್ಕೆ ಆಧಾರವಾದದ್ದು ಫಿಲ್ಟರು. ಒಂದರ ಮೇಲೊಂದು ಕೂರತಕ್ಕ ಎರಡು ಪಾತ್ರೆಗಳು, ಮೇಲಿನದರ ತಳದಲ್ಲಿ ಸಣ್ಣ ರಂಧ್ರಗಳು, ಪುಡಿಯನ್ನು ಅದುಮಲು ಪುಟ್ಟ ಕೊಡೆಯಂತೆ ಕಡ್ಡಿಯುಳ್ಳ ಒಂದು ಬಿಲ್ಲೆ, ಮೇಲೊಂದು ಮುಚ್ಚಳ. ತಿರುಗುವ ಭಾಗವಿಲ್ಲ, ಬೆಂಕಿಯ ಸಂಪರ್ಕವೂ ಇಲ್ಲ. ಬಿಸಿನೀರು ತನ್ನ ಭಾರದಿಂದಲೇ ಪುಡಿಯ ಮೂಲಕ ಇಳಿಯುವುದು; ಇಳಿಯುವಾಗ ಪುಡಿಯ ಸಾರವನ್ನು ಹೀರಿಕೊಳ್ಳುವುದು. ಬೇಗನೆ ಇಳಿದರೆ ಸಾರವು ಪುಡಿಯಲ್ಲಿಯೇ ಉಳಿಯುವುದು. ಬಹಳ ತಡವಾದರೆ ಕಹಿಯು ಏರುವುದು. ಇವೆರಡರ ನಡುವಣ ಹದವನ್ನು ಕಾಯುವುದೇ ಆ ರಂಧ್ರಗಳ ಕೆಲಸ.

ನಮ್ಮ ಮನೆಯ ಫಿಲ್ಟರು ಹಿತ್ತಾಳೆಯದು. ೧೯೬೧ರಲ್ಲಿ ನಮ್ಮ ತಾಯಿಯವರು ಮದುವೆಯಾಗಿ ಮೈಸೂರಿನ ಈ ಮನೆಗೆ ಬಂದಾಗ, ಅವರ ತಂದೆಯವರು ಕೊಟ್ಟ ಪಾತ್ರೆಗಳ ಜತೆಯಲ್ಲಿ ಅದೂ ಬಂದಿತು. ತಾಯಿಯವರು ಈ ಶಾಲೆಯಲ್ಲಿಯೇ ಓದಿದವರು. ಅವರ ತರುವಾಯ ನಾನೂ ಇಲ್ಲಿಯೇ ಓದಿದೆನು. ಶಾಲೆಗೆ ಹೊರಡುವ ಮುಂಚೆ ನಮಗೆ ಸಿಕ್ಕುತ್ತಿದ್ದುದು ಹಾಲೇ ಹೊರತು ಕಾಫಿಯಲ್ಲ. ಆದರೂ ಬೆಳಗಿನ ಆ ಪರಿಮಳವು ಮಕ್ಕಳಾದ ನಮಗೂ ಎಚ್ಚರಿಕೆಯ ಗಂಟೆಯಾಗಿದ್ದಿತು.

ಪ್ರತಿ ರಾತ್ರಿ ಊಟದ ಪಾತ್ರೆಗಳು ತೊಳೆದು ಮುಗಿದಮೇಲೆ ತಾಯಿಯವರು ಫಿಲ್ಟರನ್ನು ತುಂಬುತ್ತಿದ್ದರು. ಮೊದಲು ಎರಡು ಪಾತ್ರೆಗಳಿಗೂ ಬಿಸಿನೀರು ಹೊಯ್ದು ಕಾಯಿಸಿ ಚೆಲ್ಲುವರು. ಆಮೇಲೆ ಪುಡಿ ಹಾಕಿ, ಪಾತ್ರೆಯ ಪಕ್ಕವನ್ನು ಬೆರಳಿನಿಂದ ಎರಡು ಸಾರಿ ತಟ್ಟಿ ಸಮಮಾಡಿ, ಬಿಲ್ಲೆಯನ್ನು ಇಟ್ಟು ಹಗುರವಾಗಿ ಅದುಮುವರು. ಕುದಿದ ನೀರನ್ನು ಇಳಿಸಿ, ಒಂದು ಕ್ಷಣ ತಡೆದು, ಸುತ್ತಲೂ ತಿರುಗಿಸುತ್ತ ಹೊಯ್ಯುವರು. ಮೈಸೂರು ಸಮುದ್ರಮಟ್ಟಕ್ಕಿಂತ ಸುಮಾರು ೨,೫೦೦ ಅಡಿ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ನೂರು ಡಿಗ್ರಿಗಿಂತ ಎರಡು ಮೂರು ಡಿಗ್ರಿ ಮೊದಲೇ ಕುದಿಯುವುದು. ಕಾಫಿಗೆ ಬೇಕಾದ ಶಾಖವೂ ತೊಂಬತ್ತರಿಂದ ತೊಂಬತ್ತಾರು ಡಿಗ್ರಿ. ಆ ಒಂದು ಕ್ಷಣದ ತಡೆಗೆ ವಿಜ್ಞಾನದ ಸಮ್ಮತಿಯಿದೆಯೆಂದು ನಾನು ತಿಳಿದುಕೊಂಡುದು ಬಹಳ ವರ್ಷಗಳ ಮೇಲೆ. ತಾಯಿಯವರು ಅದನ್ನು ತಮ್ಮ ಅತ್ತೆಯವರಿಂದ ಕಲಿತಿದ್ದರು. ರಾತ್ರಿಯಿಡೀ ನಿಂತ ಡಿಕಾಕ್ಷನ್ನಿನಲ್ಲಿ ಪರಿಮಳ ಸ್ವಲ್ಪ ಕುಂದುವುದೆಂದು ಬಲ್ಲವರು ಹೇಳುವುದುಂಟು, ಅದು ನಿಜವೇ. ಆದರೆ ಐದು ಗಂಟೆಗೆ ಎದ್ದು ಕೆಲಸಕ್ಕೆ ಹೊರಡುವವರಿದ್ದ ಮನೆಯಲ್ಲಿ, ಎದ್ದೊಡನೆ ಸಿದ್ಧವಾಗಿರುವ ಡಿಕಾಕ್ಷನ್ನಿಗೆ ಸಮನಾದದ್ದು ಯಾವುದಿದೆ?

ಹಿತ್ತಾಳೆಯ ಪಾತ್ರೆಗೆ ಕಲಾಯಿ ಬೇಕೆಂಬುದು ಹಿರಿಯ ವಾಚಕರಿಗೆ ಗೊತ್ತಿರುವ ಸಂಗತಿ. ಕಲಾಯಿಯವರು ವರ್ಷಕ್ಕೆ ಒಂದೆರಡು ಸಾರಿ ನಮ್ಮ ಬೀದಿಗೆ ಬಂದು, ಹೊಂಗೆಯ ಮರದ ಕೆಳಗೆ ಸಣ್ಣ ಗುಳಿ ತೋಡಿ, ತಿದಿಯೊತ್ತಿ ಇದ್ದಲಿನ ಬೆಂಕಿ ಮಾಡುತ್ತಿದ್ದರು. ಕಾದ ಪಾತ್ರೆಯ ಒಳಮೈಗೆ ನವಸಾಗರದ ಪುಡಿ ಚಿಮುಕಿಸಿ, ತವರವನ್ನು ತಾಗಿಸಿ, ಹತ್ತಿಯ ಉಂಡೆಯಿಂದ ಒಂದೇ ಬೀಸಿಗೆ ಒರಸಿದರೆಂದರೆ ಒಳಗೆಲ್ಲ ಬೆಳ್ಳಿಯ ಹೊಳಪು ಬರುವುದು. ಫಿಲ್ಟರಿನ ವಿಷಯದಲ್ಲಿ ಮಾತ್ರ ಒಂದು ತೊಡಕಿದ್ದಿತು: ಕರಗಿದ ತವರವು ರಂಧ್ರಗಳಲ್ಲಿಯೂ ಸೇರಿ ಅವನ್ನು ಮುಚ್ಚಿಬಿಡುವುದು. ಆ ದಿನ ಮಧ್ಯಾಹ್ನವೆಲ್ಲ ತಾಯಿಯವರು ಜಗುಲಿಯಲ್ಲಿ ಕುಳಿತು, ಪಾತ್ರೆಯನ್ನು ಬೆಳಕಿಗೆ ಹಿಡಿದು, ಒಂದು ಸೂಜಿಯಿಂದ ಒಂದೊಂದು ರಂಧ್ರವನ್ನೂ ಬಿಡಿಸುತ್ತಿದ್ದರು. ಪ್ರತಿ ಸಾರಿಯೂ ರಂಧ್ರದ ಅಂಚಿನಲ್ಲಿ ತವರದ ಒಂದು ತೆಳುಪದರ ಉಳಿಯುವುದಷ್ಟೆ. ಹೀಗೆ ವರ್ಷವರ್ಷವೂ ಅವು ಕೂದಲೆಳೆಯಷ್ಟು ಕಿರಿದಾಗುತ್ತ ಬಂದುವು. ನಾನು ಹುಡುಗಿಯಾಗಿದ್ದಾಗಿನ ಕಾಫಿಗಿಂತ ಆಮೇಲಿನ ವರ್ಷಗಳ ಕಾಫಿ ಗಟ್ಟಿಯಾಗಿದ್ದುದಕ್ಕೆ ಇದೇ ಕಾರಣವೆಂದು ನನ್ನ ನಂಬಿಕೆ. ಆ ಫಿಲ್ಟರಿನ ಗುಣವು ಅಂಗಡಿಯಿಂದ ಬಂದುದಲ್ಲ. ಕಲಾಯಿಯವರ ಹತ್ತಿಯಿಂದಲೂ ತಾಯಿಯವರ ಸೂಜಿಯಿಂದಲೂ ಐವತ್ತು ವರ್ಷಗಳಲ್ಲಿ ಬಂದುದು.

ಕಾಲಕ್ರಮದಲ್ಲಿ ಉಕ್ಕಿನ ಪಾತ್ರೆಗಳು ಎಲ್ಲರ ಮನೆಗಳನ್ನೂ ತುಂಬಿದುವು; ಕಲಾಯಿಯವರು ನಮ್ಮ ಬೀದಿಗೆ ಬರುವುದು ನಿಂತುಹೋಯಿತು. ೨೦೧೯ರಲ್ಲಿ ಒಂದು ದಿನ, ರಂಧ್ರಗಳ ತಳವು ಪಾತ್ರೆಯ ಮೈಗೆ ಕೂಡುವ ಅಂಚಿನಲ್ಲಿ ಒಂದು ಅಂಗುಲದಷ್ಟು ಬಿರುಕು ಕಾಣಿಸಿತು. ನೀರು ಪುಡಿಯ ಮೂಲಕ ಇಳಿಯುವುದನ್ನು ಬಿಟ್ಟು ಬಿರುಕಿನಿಂದ ಜಾರತೊಡಗಿತು. ದುರಸ್ತಿಯವರೊಬ್ಬರಲ್ಲಿಗೆ ತೆಗೆದುಕೊಂಡು ಹೋದೆನು. ಅವರು ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿ, "ಅಮ್ಮಾ, ನನ್ನ ಹತ್ತಿರ ಇರುವ ಬೆಸುಗೆಯಲ್ಲಿ ಸೀಸ ಸೇರಿದೆ. ಕೊಡಪಾನಕ್ಕಾದರೂ ಹಾಕಲು ಮನಸ್ಸು ಬರುವುದಿಲ್ಲ, ಬಿಸಿಯಾಗಿ ಕುಡಿಯುವ ಪದಾರ್ಥಕ್ಕೆ ಹಾಕಿಕೊಡಲಾರೆ," ಎಂದು ಹಿಂದಕ್ಕೆ ಕೊಟ್ಟರು. ಹಣ ಬರುವ ಕೆಲಸವನ್ನು ಬೇಡವೆಂದ ಆ ಸಜ್ಜನರನ್ನು ನಾನು ಈಗಲೂ ಗೌರವದಿಂದ ನೆನೆಯುವೆನು.

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ತಮ್ಮನ ಮಗನಿಗೆ ಈ ವಾರ್ತೆ ತಿಳಿಯಿತು. ಅಜ್ಜಿಯೆಂದರೆ ಅವನಿಗೆ ಪ್ರಾಣ. ಒಂದು ವಾರದೊಳಗೆ ಅವನು ವಿದ್ಯುತ್ತಿನಿಂದ ನಡೆಯುವ ಕಾಫಿಯ ಯಂತ್ರವೊಂದನ್ನು ಕಳುಹಿಸಿದನು. ನೋಡಲು ಬಹು ಅಂದವಾದದ್ದು: ಕಪ್ಪನೆಯ ಮೈ, ಗಾಜಿನ ಹೂಜಿ, ಕೆಂಪು ದೀಪ. ನೀರನ್ನೂ ಪುಡಿಯನ್ನೂ ಹಾಕಿ ಗುಂಡಿಯೊತ್ತಿದರೆ ಹತ್ತು ನಿಮಿಷಗಳಲ್ಲಿ ಹೂಜಿ ತುಂಬುವುದು. ಅದರೊಳಗಿನ ಬುಟ್ಟಿಯಲ್ಲಿ ಹಾಸತಕ್ಕದ್ದು ಮೇಲೆ ಹೇಳಿದ ಆ ಡ್ರೆಸ್ಡನ್ನಿನ ಗೃಹಿಣಿಯ ಕಾಗದವೇ. ಮನೆಯವರೆಲ್ಲರೂ ಸುತ್ತಲೂ ನಿಂತು ನೋಡಿದೆವು. ಡಿಕಾಕ್ಷನ್ ಇಳಿಯಿತು, ಹಾಲು ಬೆರೆಸಿ ತಾಯಿಯವರಿಗೆ ಮೊದಲ ಲೋಟವನ್ನು ಕೊಟ್ಟೆವು. ಅವರು ಎರಡು ಗುಟುಕು ಕುಡಿದು, ಲೋಟವನ್ನು ಬಟ್ಟಲಿನಲ್ಲಿಟ್ಟು, ನನ್ನ ಕಡೆಗೆ ತಿರುಗಿ, "ಬಿಸಿಯಾಗಿದೆ, ಬಣ್ಣವೂ ಇದೆ, ಕಾಫಿ ಮಾತ್ರ ಇಲ್ಲವಲ್ಲೇ!" ಎಂದರು.

ಮಾತು ಯಥಾರ್ಥವಾಗಿದ್ದಿತು. ಯಂತ್ರವು ಕೆಟ್ಟದ್ದೆಂದು ನಾನು ಹೇಳುವವಳಲ್ಲ. ಅದನ್ನು ಮಾಡಿದುದು ಬೇರೆ ಪಾನೀಯಕ್ಕಾಗಿ. ಯೂರೋಪಿನವರೂ ಅಮೆರಿಕದವರೂ ಸೋಸಿದ ಕಾಫಿಯನ್ನೇ ದೊಡ್ಡ ಬಟ್ಟಲುಗಳಲ್ಲಿ ಕುಡಿಯುವರು. ಹಾಲು ಹಾಕಿದರೂ ಹನಿಯಷ್ಟು. ಆದಕಾರಣ ಅವರು ಒಂದು ಲೀಟರು ನೀರಿಗೆ ಐವತ್ತೈದು ಅರುವತ್ತು ಗ್ರಾಂ ಪುಡಿ ಸಾಕೆನ್ನುವರು. ನಮ್ಮಲ್ಲಿ ಡಿಕಾಕ್ಷನ್ನು ಪಾನೀಯವಲ್ಲ, ಪಾನೀಯಕ್ಕೆ ಬೀಜ. ಅದರ ಒಂದು ಪಾಲಿಗೆ ಹಾಲು ಎರಡು ಮೂರು ಪಾಲು ಸೇರುವುದರಿಂದ, ಅದು ಅವರ ಕಾಫಿಯ ಇಮ್ಮಡಿಗೂ ಮಿಕ್ಕು ಗಟ್ಟಿಯಾಗಿರಬೇಕು. ಅಲ್ಲದೆ ನಮ್ಮ ಪುಡಿಯಲ್ಲಿ ಚಿಕೋರಿಯ ಬೇರು ಬೆರೆತಿರುವುದು. ಕಾಫಿಯ ಪಾಲು ನೂರಕ್ಕೆ ಐವತ್ತೊಂದಕ್ಕೆ ಕಡಮೆಯಾಗಕೂಡದೆಂದು ನಮ್ಮ ದೇಶದ ಕಾನೂನಿನ ಕಟ್ಟಳೆ. ಮನೆಗಳಲ್ಲಿ ಸಾಮಾನ್ಯವಾಗಿ ಚಿಕೋರಿಯನ್ನು ಇಪ್ಪತ್ತು ಮೂವತ್ತು ಪಾಲಿಗೆ ಮೀರಿಸುವುದಿಲ್ಲ. ಈ ಬೇರು ನೀರಿಗೆ ಬಣ್ಣವನ್ನೂ ಮಂದವನ್ನೂ ಬೇಗನೆ ಕೊಡುವುದು. ಆದುದರಿಂದಲೇ ಯಂತ್ರದ ಕಾಫಿಗೆ ಬಣ್ಣವಿದ್ದೂ ಸಾರವಿಲ್ಲದೆ ಹೋಯಿತು. ಕಾಗದವು ಬೀಜದ ಎಣ್ಣೆಯ ಅಂಶವನ್ನು ತಡೆಯುವುದೂ ಒಂದು ಕಾರಣ; ಲೋಹದ ರಂಧ್ರಗಳು ಅದನ್ನು ಬಿಟ್ಟುಕೊಡುವುವು.

ಪುಡಿಯನ್ನು ಇಮ್ಮಡಿಮಾಡಿ ನೋಡಿದೆವು. ನಮ್ಮ ನುಣ್ಣನೆಯ ಪುಡಿಯು ಕಾಗದದ ಮೇಲೆ ಕೆಸರಿನಂತೆ ಕೂತು, ನೀರು ಇಳಿಯಲಾರದೆ ಬುಟ್ಟಿಯ ಅಂಚಿನಿಂದ ಉಕ್ಕಿ ಕಟ್ಟೆಯ ಮೇಲೆಲ್ಲ ಹರಿಯಿತು. ನೀರನ್ನು ಅರ್ಧಮಾಡಿದೆವು, ಹೂಜಿಯ ಅಡಿಯ ಬಿಸಿತಟ್ಟೆಯು ಆ ಸ್ವಲ್ಪ ಡಿಕಾಕ್ಷನ್ನನ್ನು ಕಾಯಿಸುತ್ತಲೇ ಇದ್ದು ಕಹಿ ಮಾಡಿತು. ಕಾಗದಗಳ ಕಟ್ಟು ಮುಗಿದಾಗ ಪೇಟೆಯಲ್ಲಿ ಮೂರು ದಿನ ಹುಡುಕಬೇಕಾಯಿತು. ಒಂದು ತಿಂಗಳಿನಲ್ಲಿ ನನ್ನ ತಮ್ಮನು ಕಚೇರಿಯ ಪಕ್ಕದ ಹೋಟಲಿನಲ್ಲಿಯೇ ಕಾಫಿ ಕುಡಿದು ಬರುವ ಅಭ್ಯಾಸ ಹಿಡಿದನು. ತಮ್ಮನ ಹೆಂಡತಿಯು ಚಹಕ್ಕೆ ತಿರುಗಿದಳು. ಐವರು ಜತೆಯಾಗಿ ಕುಳಿತು ಕುಡಿಯುತ್ತಿದ್ದ ಬೆಳಗಿನ ಕಾಫಿಗೆ ಇಬ್ಬರೂ ಮೂವರೂ ಉಳಿದೆವು.

ಆದರೆ ರುಚಿ ಕೆಟ್ಟಿತೆಂಬುದಷ್ಟೇ ಆಗಿದ್ದರೆ ಈ ಲೇಖನವನ್ನು ಬರೆಯುವ ಅಗತ್ಯವಿರಲಿಲ್ಲ. ತಾಯಿಯವರಿಗೆ ಆಗಲೇ ಎಂಬತ್ತು ವರ್ಷ ಸಮೀಪಿಸಿದ್ದಿತು. ಮಂಡಿಯ ನೋವಿನಿಂದ ಒಲೆಯ ಮುಂದೆ ನಿಲ್ಲುವುದು ತಪ್ಪಿತ್ತು. ಕಣ್ಣಿನ ಪೊರೆಯಿಂದ ಅಕ್ಕಿ ಆರಿಸುವುದು ತಪ್ಪಿತ್ತು. ಹೂವಿನ ಗಿಡಗಳಿಗೆ ನೀರು ಹೊರುವುದನ್ನು ವೈದ್ಯರು ಬೇಡವೆಂದಿದ್ದರು. ಮನೆಯ ಕೆಲಸಗಳು ಒಂದೊಂದಾಗಿ, ಪ್ರೀತಿಯಿಂದಲೇ, ಅವರ ಕೈಯಿಂದ ಕಿರಿಯರ ಕೈಗೆ ಬಂದಿದ್ದುವು. ಉಳಿದಿದ್ದುದು ಫಿಲ್ಟರೊಂದೇ. ಅದಕ್ಕೆ ಕಣ್ಣು ಬೇಕಾಗಿರಲಿಲ್ಲ, ಬೆರಳಿಗೆ ಗೊತ್ತಿದ್ದಿತು. ನಿಲ್ಲಬೇಕಾಗಿರಲಿಲ್ಲ, ಊಟದ ಮೇಜಿನ ಮುಂದೆ ಕುಳಿತೇ ಮಾಡಬಹುದಾಗಿದ್ದಿತು. ಮನೆಯ ಎಲ್ಲರ ನಾಳೆಯ ಬೆಳಗನ್ನೂ ತಾವೇ ಸಿದ್ಧಮಾಡಿ ಮಲಗುವೆನೆಂಬ ಸಮಾಧಾನವು ಆ ಕೆಲಸದಲ್ಲಿದ್ದಿತು. ಯಂತ್ರದ ಗುಂಡಿಗಳ ಮೇಲಿನ ಸಣ್ಣ ಅಕ್ಷರಗಳು ಅವರಿಗೆ ಕಾಣುತ್ತಿರಲಿಲ್ಲ. ಗಾಜಿನ ಹೂಜಿಯನ್ನು ಎತ್ತಲು ಅವರಿಗೆ ಭಯ. ಅದಲ್ಲದೆ ಯಂತ್ರಕ್ಕೆ ರಾತ್ರಿಯ ಕೆಲಸವೇ ಇಲ್ಲ. ಆದರೂ ಅಭ್ಯಾಸದ ಬಲದಿಂದ ಒಂಬತ್ತು ಗಂಟೆಗೆ ಅವರು ಅಡಿಗೆಮನೆಗೆ ಬರುವರು, ಬಾಗಿಲಿನ ಚೌಕಟ್ಟನ್ನು ಹಿಡಿದು ಸ್ವಲ್ಪ ಹೊತ್ತು ನಿಲ್ಲುವರು, "ಎಲ್ಲಾ ಆಯಿತೇನೇ?" ಎಂದು ಕೇಳುವರು. "ಆಯಿತಮ್ಮ, ನೀವು ಮಲಗಿ," ಎಂದು ನಾವು ಹೇಳುವೆವು. ಒಂದು ರಾತ್ರಿ ಅವರು, "ಹಾಗಾದರೆ ನಾನು ಮಾಡುವಂಥದು ಏನೂ ಇಲ್ಲ," ಎಂದು ತಮಗೆ ತಾವೇ ಹೇಳಿಕೊಂಡು ತಿರುಗಿದರು. ದೂರಿನ ಧ್ವನಿಯಲ್ಲ ಅದು. ಲೆಕ್ಕ ಮುಗಿದು ಪುಸ್ತಕ ಮುಚ್ಚುವವರ ಧ್ವನಿ.

ಮರುದಿನವೇ ನಾನು ಪಾತ್ರೆಯಂಗಡಿಗೆ ಹೋಗಿ ಉಕ್ಕಿನ ಫಿಲ್ಟರೊಂದನ್ನು ತಂದು ಅವರ ಮುಂದೆ ಇಟ್ಟೆನು. ಅವರು ಅದನ್ನು ಕೈಯಲ್ಲಿ ತೂಗಿ, "ಕಾಗದದ ಹಾಗಿದೆ," ಎಂದರು. ತಗಡು ತೆಳು, ಮೇಲಿನ ಪಾತ್ರೆಯು ಕೆಳಗಿನದರಲ್ಲಿ ಬಿಗಿಯಾಗಿ ಕೂರದೆ ಅಲುಗುತ್ತಿದ್ದಿತು, ರಂಧ್ರಗಳು ದೊಡ್ಡವು. ಮೊದಲ ರಾತ್ರಿ ನೀರು ಐದೇ ನಿಮಿಷಗಳಲ್ಲಿ ಇಳಿದು, ಅದರ ಸಂಗಡ ಪುಡಿಯೂ ಇಳಿಯಿತು. ಬೆಳಗ್ಗೆ ಎಲ್ಲರ ಲೋಟದ ತಳದಲ್ಲಿಯೂ ಚರಟ. ಯಂತ್ರದಿಂದಾದ ನಿರಾಶೆಗೆ ಈ ಎರಡನೆಯ ನಿರಾಶೆಯೂ ಸೇರಿತು. ಆದರೆ ಈ ಸಾರಿ ತಾಯಿಯವರು ಸುಮ್ಮನಿರಲಿಲ್ಲ. "ಇದಕ್ಕೆ ಏನೂ ತಿಳಿಯದು, ಕಲಿಸಬೇಕು," ಎಂದರು.

ಆ ಮೇಲಿನ ಆರು ವಾರಗಳು ನಮ್ಮ ಮನೆಯ ಅಡಿಗೆಮನೆಯು ಒಂದು ಪ್ರಯೋಗಶಾಲೆಯಾಯಿತು. ಪುಡಿಯ ಅಂಗಡಿಯವರಿಗೆ ನನ್ನ ಕೈಯಲ್ಲಿ ಹೇಳಿಕಳುಹಿಸಿ, ಬೀಸುವಿಕೆಯನ್ನು ಒಂದು ಸಾರಿ ತರಿಯಾಗಿಯೂ ಒಂದು ಸಾರಿ ನಡುವಾಗಿಯೂ ಮಾಡಿಸಿ ನೋಡಿದರು. ತರಿಯಾದರೆ ಪುಡಿ ಕೆಳಗೆ ಬೀಳದು, ಆದರೆ ನೀರು ಓಡುವುದು. ನುಣ್ಣಗಾದರೆ ನೀರು ನಿಲ್ಲುವುದು, ಪುಡಿ ಬೀಳುವುದು. ಕೊನೆಗೆ ಅವರು ಕಂಡುಕೊಂಡ ಉಪಾಯವಿದು: ತಳಕ್ಕೆ ಮೊದಲು ಒಂದು ಚಮಚ ತರಿಯಾದ ಪುಡಿಯನ್ನು ಹರಡುವುದು, ಅದರ ಮೇಲೆ ನಡುಹದದ ಪುಡಿ ಹಾಕಿ ಬಿಲ್ಲೆಯಿಂದ ಮೊದಲಿಗಿಂತ ಹೆಚ್ಚು ಬಲವಾಗಿ ಅದುಮುವುದು, ಎರಡು ಚಮಚ ಬಿಸಿನೀರನ್ನು ಮಾತ್ರ ಚಿಮುಕಿಸಿ, ಪುಡಿಯು ನೆನೆದು ಉಬ್ಬುವವರೆಗೆ ಕಾದು, ಆಮೇಲೆ ಉಳಿದ ನೀರನ್ನು ಹೊಯ್ಯುವುದು. ಉಬ್ಬಿದ ಪುಡಿಯು ತಾನೇ ರಂಧ್ರಗಳಿಗೆ ಅಡ್ಡವಾಗಿ ನಿಂತು ನೀರಿನ ಓಟವನ್ನು ತಡೆಯುವುದು. ತೆಳುತಗಡಿನಲ್ಲಿ ಶಾಖ ನಿಲ್ಲದೆಂದು ಫಿಲ್ಟರಿಗೆ ದಪ್ಪನೆಯ ಬಟ್ಟೆಯನ್ನೂ ಸುತ್ತಿದರು. ಮೇಜಿನ ಬಳಿ ಕುಳಿತು, ಕಿವಿಗೊಟ್ಟು ಹನಿಗಳನ್ನು ಎಣಿಸುತ್ತಿದ್ದರು. ಕಣ್ಣು ಮಂಜಾದವರಿಗೆ ಕಿವಿಯು ಎಷ್ಟು ನೆರವಾಗುವುದೆಂಬುದನ್ನು ಆಗ ನೋಡಿದೆನು.

ಆರನೆಯ ವಾರದ ಒಂದು ಬೆಳಗ್ಗೆ ನನ್ನ ತಮ್ಮನು ಲೋಟವನ್ನು ಬರಿದುಮಾಡಿ, ಮಾತಿಲ್ಲದೆ ಮತ್ತೊಮ್ಮೆ ಮುಂದೆ ಚಾಚಿದನು. ನಾನು ತಾಯಿಯವರನ್ನು, "ಹಳೆಯದರ ಹಾಗೆಯೇ ಬಂತಲ್ಲವೇನಮ್ಮ?" ಎಂದು ಕೇಳಿದೆನು. ಅವರು ಸ್ವಲ್ಪ ಆಲೋಚಿಸಿ, "ಇಲ್ಲ. ಅದು ಬರುವುದಿಲ್ಲ. ಆದರೆ ಇದು ಕಾಫಿ," ಎಂದರು. ಆ ಉತ್ತರದಲ್ಲಿ ಮೋಹವೂ ಇರಲಿಲ್ಲ, ಮುಖಸ್ತುತಿಯೂ ಇರಲಿಲ್ಲ. ಹೋದದ್ದರ ಬೆಲೆಯನ್ನು ಕಡಮೆ ಮಾಡದೆ, ಬಂದದ್ದರ ಬೆಲೆಯನ್ನೂ ಕಡಮೆ ಮಾಡದೆ ನುಡಿಯುವುದು ಸುಲಭವಲ್ಲ. ನಿರಾಶೆಯು ಇಂದಿಗೂ ಪೂರ್ತಿಯಾಗಿ ಹೋಗಿಲ್ಲ. ಹೋಗಬೇಕೆಂದು ನನಗೂ ತೋರುವುದಿಲ್ಲ. ಒಳ್ಳೆಯದನ್ನು ಬಹುಕಾಲ ಅನುಭವಿಸಿದ ನಾಲಗೆಗೆ ಅದರ ಅಳತೆ ಉಳಿದಿರುವುದೇ ನಿರಾಶೆ. ಆ ಅಳತೆಯಿಲ್ಲದಿದ್ದರೆ ಆರು ವಾರಗಳ ಪ್ರಯೋಗವನ್ನು ಮಾಡುವವರು ಯಾರು?

ಯಂತ್ರವನ್ನು ತಮ್ಮನ ಮಗನು ಬೆಂಗಳೂರಿನ ತನ್ನ ಕೊಠಡಿಗೆ ತೆಗೆದುಕೊಂಡು ಹೋಗಿರುವನು. ಅವನೂ ಅವನ ಸ್ನೇಹಿತರೂ ಹಾಲಿಲ್ಲದ ಕಾಫಿಯನ್ನೇ ಮೆಚ್ಚುವವರಾದುದರಿಂದ ಅದು ಅಲ್ಲಿ ತನ್ನ ಯೋಗ್ಯಸ್ಥಾನವನ್ನು ಸೇರಿದೆಯೆನ್ನಬಹುದು.

ಈ ಲೇಖನವನ್ನು ಓದುವ ಸೋದರಿಯರಿಗೂ ತಾಯಿತಂದೆಗಳಿಗೂ ನನ್ನ ವಿಜ್ಞಾಪನೆ ಎರಡೇ ಮಾತು. ಹೊಸ ಫಿಲ್ಟರು ಕೊಳ್ಳುವಾಗ ಹೊಳಪಿಗೆ ಮರುಳಾಗದೆ, ಮೇಲಿನ ಪಾತ್ರೆಯನ್ನು ಬೆಳಕಿಗೆ ಹಿಡಿದು ರಂಧ್ರಗಳು ಸಣ್ಣವೂ ಒಂದೇ ಸಮನಾದುವೂ ಆಗಿರುವುವೇ ಎಂದು ನೋಡಿರಿ. ಎರಡು ಪಾತ್ರೆಗಳನ್ನು ಕೂಡಿಸಿ ಅಲುಗಿಸಿರಿ. ಸಾಧ್ಯವಾದರೆ ಅಂಗಡಿಯಲ್ಲಿಯೇ ನೀರು ಹೊಯ್ದು ಹನಿ ಬೀಳುವ ವೇಗವನ್ನು ಗಮನಿಸಿರಿ. ಇದು ವಸ್ತುವಿನ ಪರೀಕ್ಷೆ. ಇನ್ನೊಂದು ಪರೀಕ್ಷೆಯು ಮನೆಯಲ್ಲಿ ನಡೆಯತಕ್ಕದ್ದು. ಹಿರಿಯರ ಶ್ರಮವನ್ನು ತಪ್ಪಿಸುವುದಕ್ಕಾಗಿ ಯಾವ ಹೊಸ ಸಾಮಾನನ್ನು ತಂದರೂ, ಅದು ಏನನ್ನು ಮಾಡಿಕೊಡುವುದೆಂದು ಕೇಳುವುದರ ಜತೆಯಲ್ಲಿ, ಅದು ಯಾರ ಕೈಯ ಕೆಲಸವನ್ನು ತೆಗೆದುಕೊಳ್ಳುವುದೆಂದೂ ಕೇಳಿರಿ. ಕೆಲವು ಶ್ರಮಗಳು ಭಾರವಾದುವು. ಅವನ್ನು ಇಳಿಸುವುದು ಧರ್ಮ. ಕೆಲವು ಶ್ರಮಗಳು ಊರುಗೋಲಿನಂಥವು; ಅವನ್ನು ಕೈಯಿಂದ ತೆಗೆದರೆ ಮನುಷ್ಯರು ನಿಲ್ಲಲಾರರು.